ಗಾಡಿ ಹೊಡೆಯುತ್ತಿದ್ದವರು ಯಾರು?

ನಮ್ಮ ಕಾಲೇಜಿಗೆ ಹೋಗುವ ದಾರಿಯ ವೃತ್ತದಲ್ಲಿ ಕಬ್ಬಿನ ಹಂಗಾಮಿನ ನಡುವೆ ಒಂದು ಫ್ಲೆಕ್ಸ್ ಕಟ್ಟಿದ್ದರು. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ದಪ್ಪ ಅಕ್ಷರ, ಕೆಳಗೆ ಮೂರು ಮುಖ, ಎಲ್ಲರೂ ಹದಿನೇಳು ಹದಿನೆಂಟರವರು. ಚಿತ್ರ ಯಾರದೋ ಹುಟ್ಟುಹಬ್ಬದ ದಿನ ತೆಗೆದದ್ದಿರಬೇಕು. ಒಬ್ಬನ ಗಲ್ಲದ ಮೇಲೆ ಕೇಕಿನ ಕೆನೆ ಹಾಗೆಯೇ ಇತ್ತು. ಮೂಲ ಫೋಟೊದಲ್ಲಿ ನಾಲ್ವರಿದ್ದರು. ನಾಲ್ಕನೆಯವನು ಬದುಕಿದ್ದ, ಮಿರಜಿನ ಆಸ್ಪತ್ರೆಯೊಂದರಲ್ಲಿ ಮಲಗಿದ್ದ. ಹಾಗಾಗಿ ಫ್ಲೆಕ್ಸ್ ಅಂಗಡಿಯವನು ಅವನನ್ನು ಕತ್ತರಿಸಿ ತೆಗೆದಿದ್ದ. ಅವಸರದ ಕೆಲಸ. ಬಲತುದಿಯ ಹುಡುಗನ ಹೆಗಲ ಮೇಲೆ ನಾಲ್ಕನೆಯವನ ಕೈ, ಮಣಿಕಟ್ಟಿನ ಕೆಂಪು ದಾರದ ಸಮೇತ, ಉಳಿದುಬಿಟ್ಟಿತ್ತು.

ಊರಿನ ಹೆಸರು ಬೇಡ. ಹುಡುಗರ ಗುರುತು ಹತ್ತದಂತೆ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬಾಗಲಕೋಟೆ ಜಿಲ್ಲೆಯ ಹಳ್ಳಿ ಎಂದುಕೊಳ್ಳಿ: ರಾತ್ರಿ ಧಾಬಾದಲ್ಲಿ ಊಟ, ಒಬ್ಬನ ಚಿಕ್ಕಪ್ಪನ ಕಾರು, ರಸ್ತೆಯ ಮೇಲೆ ಕೆಟ್ಟು ನಿಂತ ಕಬ್ಬಿನ ಟ್ರೈಲರ್. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಈ ಕತೆ ಯಾರಿಗೆ ಹೇಳಿದರೂ ‘ಯಾವುದು, ನಮ್ಮ ಕಡೆಯದೇ?’ ಎಂದು ಕೇಳುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ; ಅವರಲ್ಲಿ ಹದಿನೆಂಟು ತುಂಬದವರು 9,528, ಎಂದರೆ ದಿನಕ್ಕೆ ಇಪ್ಪತ್ತಾರು. ಸತ್ತವರನ್ನು ಸಚಿವಾಲಯ ಎಣಿಸುತ್ತದೆ. ಆಮೇಲೆ ಉಳಿದವರು ಏನಾದರು ಎಂಬುದಕ್ಕೆ ಅದರ ವರದಿಯಲ್ಲಿ ಕಾಲಂ ಇಲ್ಲ.

ಸಾವಿನ ಮೊದಲ ಹನ್ನೊಂದು ದಿನ ನಮ್ಮ ಕಡೆಯ ಊರುಗಳಷ್ಟು ಚೆನ್ನಾಗಿ ಯಾರೂ ನಡೆದುಕೊಳ್ಳಲಾರರು ಎಂದು ನಾನು ಬಾಜಿ ಕಟ್ಟಿ ಹೇಳಬಲ್ಲೆ. ಸುದ್ದಿ ಬಂದ ಗಳಿಗೆಯಿಂದ ಆ ಮನೆಯ ಒಲೆ ಹೊತ್ತುವುದಿಲ್ಲ. ಓಣಿಯ ಒಲೆಗಳೆಲ್ಲ ಆ ಮನೆಗಾಗಿ ಹೊತ್ತುತ್ತವೆ. ಬೀಗರ ಊರಿನಿಂದ ರೊಟ್ಟಿ, ಝುಣಕ, ಅನ್ನ, ಸಾರು ಬುತ್ತಿಯಾಗಿ ಬರುತ್ತವೆ. ಮರಣೋತ್ತರ ಪರೀಕ್ಷೆ ಮುಗಿಯುವವರೆಗೆ ತಾಲ್ಲೂಕು ಆಸ್ಪತ್ರೆಯ ಶವಾಗಾರದ ಮುಂದೆ ಐವತ್ತು ಅರವತ್ತು ಜನ ನೆಲದ ಮೇಲೆ ಕುಳಿತಿದ್ದರು. ಒಬ್ಬರನ್ನೂ ಯಾರೂ ಕರೆಸಿರಲಿಲ್ಲ. ‘ಮಣ್ಣಿಗೆ ಹೋಗಬೇಕು’ ಎಂದರೆ ಸಾಕು, ರಜೆಗೆ ಬೇರೆ ಕಾರಣ ಬೇಕಿಲ್ಲ. ನಾನೂ ಹಾಗೆಯೇ ಬರೆದುಕೊಟ್ಟು ಹೋದೆ. ಇಬ್ಬರು ಲಿಂಗಾಯತರ ಮಕ್ಕಳು. ವಿಭೂತಿ ಹಚ್ಚಿ, ಕುಳ್ಳಿರಿಸಿ, ಭಜನೆಯವರ ಹಿಂದೆ ಒಯ್ದರು. ಮೂರನೆಯವನ ಜನಾಜಾ ಅದೇ ಸಂಜೆ. ಮೊದಲ ಎರಡು ಮಣ್ಣು ಮುಗಿಸಿದ ಜನವೇ ಕೈಯ ಮಣ್ಣು ಕೊಡವಿಕೊಳ್ಳದೆ ಖಬರಸ್ತಾನಕ್ಕೆ ನಡೆದರು. ಬಜಾರು ತಾನಾಗಿ ಮುಚ್ಚಿತ್ತು.

ಮನೆಯೊಳಗೆ ಹೆಂಗಸರು ಹಾಡಿ ಅಳುತ್ತಿದ್ದರು. ಬಂದ ಪ್ರತಿಯೊಬ್ಬಳೂ ತಾಯಿಯ ಕೊರಳಿಗೆ ಬಿದ್ದು ಅವನು ಏನು ತಿನ್ನುತ್ತಿದ್ದ, ಯಾವ ಅಂಗಿ ಹಾಕುತ್ತಿದ್ದ, ಹೊರಡುವಾಗ ಏನೆಂದ ಎಂಬುದನ್ನೆಲ್ಲ ರಾಗವೆಳೆದು ಹೇಳುತ್ತಾಳೆ. ತಾಯಿ ಅದಕ್ಕೆ ತನ್ನದೊಂದು ಸಾಲು ಸೇರಿಸುತ್ತಾಳೆ. ದಿನಕ್ಕೆ ಇಪ್ಪತ್ತು ಸಲ ಅದೇ ಕತೆ. ನಗರದಿಂದ ಬಂದ ಬಂಧುವೊಬ್ಬರು ‘ಆ ತಾಯಿಗೆ ವಿಶ್ರಾಂತಿ ಬೇಡವೇ, ನಿದ್ದೆಯ ಗುಳಿಗೆ ಕೊಟ್ಟು ಮಲಗಿಸಬಾರದೇ’ ಎಂದು ನನ್ನ ಕಿವಿಯಲ್ಲಿ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರೇ ಕೆಲಸ ಹೇಳುತ್ತದೆ: ನೋಡು, ಆಲಿಸು, ಬೇಕಾದ ನೆರವಿಗೆ ಜೋಡಿಸು. ಆಘಾತಕ್ಕೆ ಸಿಕ್ಕವರನ್ನೆಲ್ಲ ಒಂದು ಸಲ ಕೂರಿಸಿ ನಡೆದದ್ದನ್ನು ಕೆದಕಿ ಹೇಳಿಸುವ ಪದ್ಧತಿ ಬೇಡ ಎಂದು ಅದೇ ಸಂಸ್ಥೆ ಹೇಳಿದೆ. ಹಾಡಿ ಅಳುವುದರಲ್ಲಿ ಯಾರೂ ಯಾರನ್ನೂ ಕೆದಕುವುದಿಲ್ಲ. ತಾಯಿ ತನಗೆ ಬೇಕಾದಷ್ಟು ಹೇಳುತ್ತಾಳೆ, ಬೇಡವಾದಾಗ ಗೋಡೆಗೆ ಒರಗುತ್ತಾಳೆ. ಉಳಿದವರು ರಾಗ ಹಿಡಿದಿರುತ್ತಾರೆ.

ಹನ್ನೆರಡನೆಯ ದಿನ ಬೀಗರು ಬಸ್ಸು ಹತ್ತುತ್ತಾರೆ. ಸಂಕಟ ಶುರುವಾಗುವುದು ಅಲ್ಲಿಂದ.

ಅಲ್ಲಿಯವರೆಗೆ ಊರಿನ ಬಾಯಲ್ಲಿದ್ದದ್ದು ಒಂದೇ ಮಾತು, ಹಣೆಬರಹ. ಈ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ವಿಚಾರವಂತರ ಸಾಲಿಗೆ ನಾನು ಸೇರಲಾರೆ. ಮಗನನ್ನು ಕಳೆದುಕೊಂಡ ಅಪ್ಪನಿಗೆ ‘ಅಷ್ಟೇ ಬರೆದಿತ್ತಪ್ಪಾ’ ಎನ್ನುವುದರ ಅರ್ಥ ‘ನಿನ್ನ ತಪ್ಪಲ್ಲ’ ಎಂದು. ಆ ವಾರ ಅವನನ್ನು ಬದುಕಿಸುವ ಮಾತು ಅದು. ಆದರೆ ಅದೇ ಮಾತು ಇನ್ನೂ ಒಂದು ಕೆಲಸ ಮಾಡುತ್ತದೆ. ಚಾವಿ ಕೊಟ್ಟವರು ಯಾರು, ಟ್ರೈಲರ್ ಹಿಂದೆ ದೀಪ ಯಾಕಿರಲಿಲ್ಲ ಎಂಬ ಪ್ರಶ್ನೆಗಳನ್ನು ಸಾವಿನ ಮನೆಯಲ್ಲಿ ಕೇಳುವಂತಿಲ್ಲ, ಸರಿ. ಬೇರೆಲ್ಲಿ ಕೇಳುವುದು? ಹಣೆಬರಹ ಬ್ರಹ್ಮನದಾದ ಮೇಲೆ ಪಂಚನಾಮೆಯನ್ನು ಯಾರು ಓದುತ್ತಾರೆ?

ಅಪಘಾತವಾಗಿ ಎರಡು ವಾರವಾಗಿತ್ತು. ಸಿಬ್ಬಂದಿ ಕೊಠಡಿಗೆ ಒಬ್ಬ ಹುಡುಗ ಬಂದ. ಇವನು ಐದನೆಯವನು. ಧಾಬಾಗೆ ಅವರ ಜೊತೆಯಲ್ಲೇ ಹೋಗಿದ್ದ, ಕಾರಿನಲ್ಲಿ ಜಾಗ ಸಾಲದೆಂದು ಹಿಂದೆ ಬೈಕಿನಲ್ಲಿ ಬರುತ್ತಿದ್ದ. ಕಾರಿನ ಹಿಂದಿನ ಕೆಂಪು ದೀಪ ಕಬ್ಬಿನ ಹೊರೆಯೊಳಗೆ ಹೊಕ್ಕಿದ್ದನ್ನು ಕಣ್ಣಾರೆ ಕಂಡವನು. ಬಾಗಿಲಲ್ಲೇ ನಿಂತು ಕೇಳಿದ: ‘ಸರ್, ಪೊಲೀಸರು ಕೇಳಿದರೆ ಗಾಡಿ ಹೊಡೆಯುತ್ತಿದ್ದವನು ಅವನು ಎಂದು ಹೇಳಬೇಕಂತೆ. ಹಿರಿಯರು ಹೇಳಿದ್ದಾರೆ. ಹೇಳಲೇ?’

‘ಅವನು’ ಎಂದರೆ ಸತ್ತ ಮೂವರಲ್ಲಿ ಒಬ್ಬ. ಹದಿನೆಂಟು ತುಂಬಿ ಲೈಸೆನ್ಸ್ ಪಡೆದಿದ್ದವನು ಅವನೊಬ್ಬನೇ. ಈ ಹುಡುಗನ ಪ್ರಕಾರ ನಿಜವಾಗಿ ಸ್ಟಿಯರಿಂಗ್ ಹಿಡಿದಿದ್ದವನು ಬದುಕಿ ಉಳಿದ ನಾಲ್ಕನೆಯವನು, ಹದಿನೇಳು ವರ್ಷದವನು, ಕಾರಿನ ಮಾಲೀಕರ ಅಣ್ಣನ ಮಗ. ನಿಜ ಯಾವುದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಹಿರಿಯರು ಯಾಕೆ ಹಾಗೆ ಹೇಳಿದರು ಎಂಬುದನ್ನು ಮಾತ್ರ ನಾವು ಬಿಡಿಸಿ ನೋಡಬಹುದು. ಅವರು ಕೆಟ್ಟವರಲ್ಲ, ಕಾನೂನಿನ ಲೆಕ್ಕವನ್ನು ನಮ್ಮೆಲ್ಲರಿಗಿಂತ ಬೇಗ ಮಾಡಿ ಮುಗಿಸಿದ್ದರು.

ಲೆಕ್ಕ ಹೀಗಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಮಿನಂತೆ ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಅಪರಾಧವಾದರೆ ಪೋಷಕ ಅಥವಾ ಮಾಲೀಕನೇ ತಪ್ಪಿತಸ್ಥ. ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ ಇಪ್ಪತ್ತೈದು ವರ್ಷದವರೆಗೆ ಲೈಸೆನ್ಸ್ ಇಲ್ಲ. ಮಾಲೀಕನ ಒಪ್ಪಿಗೆಯಿಂದಲೇ ಓಡಿಸಿದ ಎಂದು ನ್ಯಾಯಾಲಯ ಭಾವಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಭಾರ ಮಾಲೀಕನ ಮೇಲೆ. ‘ಚಾವಿ ಮೊಳೆಗೆ ನೇತುಹಾಕಿದ್ದೆ, ಅವನೇ ಒಯ್ದ’ ಎಂದರೆ ಸಾಲದು.

ಇದಕ್ಕಿಂತ ದೊಡ್ಡ ಹೆದರಿಕೆ ವಿಮೆಯದು. ಕಾರಿಗೆ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಒಳಗೆ ಕುಳಿತ ಗೆಳೆಯರಿಗೆ ಅದು ಅನ್ವಯಿಸುವುದೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿಯೇ ಹೇಳಿದೆ. ನಮ್ಮ ಕಡೆ ಕಬ್ಬಿನ ಬಿಲ್ ಬಂದ ವರ್ಷ ಕೊಂಡ ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಎಷ್ಟಕ್ಕೆ ಪೂರ್ಣ ವಿಮೆ ಇದೆ ಎಂದು ನಿಮ್ಮ ಓಣಿಯಲ್ಲೇ ಕೇಳಿ ನೋಡಿ. ಈ ಕಾರಿಗೆ ಪೂರ್ಣ ವಿಮೆ ಇತ್ತು. ಆದರೆ ಲೈಸೆನ್ಸ್ ಇಲ್ಲದವನು ಓಡಿಸಿದ್ದು ಸಾಬೀತಾದರೆ ನ್ಯಾಯಮಂಡಳಿಗಳು ಸಾಮಾನ್ಯವಾಗಿ ಕೊಡುವ ಆದೇಶ, ‘ಕಂಪನಿ ಮೊದಲು ಪರಿಹಾರ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ’. ವಸೂಲಿ ಎಂದರೆ ಚಿಕ್ಕಪ್ಪನ ನೀರಾವರಿ ಹೊಲ.

ಅದೇ ಲೈಸೆನ್ಸ್ ಇದ್ದ ಸತ್ತವನು ಓಡಿಸಿದ್ದ ಎಂದು ಬರೆಸಿದರೆ? ಆರೋಪಿ ಸತ್ತಿರುವುದರಿಂದ ಅವನ ಮೇಲಿನ ಕ್ರಿಮಿನಲ್ ಪ್ರಕರಣ ಅಲ್ಲಿಗೆ ಮುಗಿಯುತ್ತದೆ. 199ಎ ಬರುವುದಿಲ್ಲ. ಉಳಿದಿಬ್ಬರ ಮನೆಗಳಿಗೆ ವಿಮಾ ಹಣ ಸಲೀಸಾಗಿ ಬರುತ್ತದೆ. ಬದುಕಿದವನು ಪರೀಕ್ಷೆ ಬರೆಯುತ್ತಾನೆ. ‘ಹೋದವನು ಹೋದ, ಇರುವವನ ಬಾಳು ಯಾಕೆ ಹಾಳು ಮಾಡುವುದು?’ ಒಂದೇ ಒಂದು ಮನೆಗೆ ಇದರಿಂದ ನಷ್ಟ. ಆ ಸತ್ತವನ ಮನೆಗೆ.

ಆ ನಷ್ಟ ಎಷ್ಟು ಎಂಬುದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಎರವಲು ಪಡೆದ ಬೈಕಿನಲ್ಲಿ ಇಳಕಲ್‌ನಿಂದ ತನ್ನೂರಿಗೆ ಹೊರಟಿದ್ದ ಒಬ್ಬರು ಹೆದ್ದಾರಿಯಲ್ಲಿ ಮುಂದಿದ್ದ ಎತ್ತಿನ ಗಾಡಿಗೆ ಗುದ್ದಿ ಸತ್ತರು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದ ಮಾತು ಇಂದಿಗೂ ಎಲ್ಲ ನ್ಯಾಯಮಂಡಳಿಗಳಲ್ಲಿ ಓಡುತ್ತಿದೆ: ವಾಹನ ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ತನ್ನ ಸಾವಿಗೆ ತಾನೇ ಪರಿಹಾರ ಕೇಳುವಂತಿಲ್ಲ. ಅರಸೀಕೆರೆ ಕಡೆಯ ಇನ್ನೊಂದು ಪ್ರಕರಣದಲ್ಲಿ, ಸ್ವಂತ ಅತಿವೇಗದಿಂದ ಸತ್ತವರ ಕುಟುಂಬಕ್ಕೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂಬ ಹೈಕೋರ್ಟ್ ತೀರ್ಪನ್ನು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಿಂದಿನ ಸೀಟಿನಲ್ಲಿ ಕುಳಿತು ಸತ್ತವನು ‘ಗಾಡಿ ಹೊಡೆದವನು’ ಎಂದು ಕಾಗದದಲ್ಲಿ ಬದಲಾದ ಕ್ಷಣ ಅವನ ತಾಯಿಯ ಪಾಲಿನ ಪರಿಹಾರ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ. ಅದಕ್ಕೇ ಇಂಥಲ್ಲಿ ಹಿರಿಯರು ಕುಳಿತು ‘ರಾಜಿ’ ಎಂದು ಒಂದಿಷ್ಟು ಹಣ ಕೊಡಿಸುವುದು. ನಿರ್ಲಕ್ಷ್ಯದ ಸಾವಿನ ಪ್ರಕರಣ, ಈಗಿನ ಭಾರತೀಯ ನ್ಯಾಯ ಸಂಹಿತೆಯ 106(1), ಐದು ವರ್ಷದವರೆಗೆ ಶಿಕ್ಷೆಯದು. ಕಾನೂನಿನ ಪ್ರಕಾರ ರಾಜಿಯಾಗುವಂಥದ್ದಲ್ಲ. ಆದರೂ ಆಗುತ್ತದೆ. ಸಾಕ್ಷಿಗಳು ‘ನಾನು ನೋಡಿಲ್ಲ’ ಎಂದರೆ ಆಯಿತಲ್ಲ.

ಹಣದ ಮಾತು ಇಷ್ಟೇ ಆಗಿದ್ದರೆ ಇದು ವಕೀಲರ ವಿಷಯವಾಗಿ ಮುಗಿಯುತ್ತಿತ್ತು. ಆ ತಾಯಿಯ ಹಾಡಿನಲ್ಲಿ ಒಂದು ಸಾಲು ಇತ್ತು: ತನ್ನ ಮಗ ಯಾರ ಮನೆಗೂ ಕೇಡು ಬಯಸಲಿಲ್ಲ ಎಂದು. ತಿಂಗಳೊಳಗೆ ಓಣಿಯ ಮಾತು ಬದಲಾಯಿತು. ಇನ್ನೆರಡು ಮನೆಗಳ ಹೆಂಗಸರು ಅವಳನ್ನು ಮಾತನಾಡಿಸಲು ಬರುವುದು ನಿಂತಿತು. ಅವರ ಪಾಲಿಗೆ ತಮ್ಮ ಮಕ್ಕಳನ್ನು ಕೊಂದವನ ತಾಯಿ ಅವಳು. ಮೂವರು ತಾಯಂದಿರ ಕೊರಳು ಕೂಡಿ ಅಳಬೇಕಾಗಿದ್ದ ಅಳು ಒಂದು ಪಂಚನಾಮೆಯಿಂದ ಹರಿದು ಹೋಯಿತು.

ಮತ್ತೆ ಆ ಐದನೆಯ ಹುಡುಗ. ಹದಿಹರೆಯದವರ ದುಃಖ ದೊಡ್ಡವರ ದುಃಖದಂತೆ ಕಾಣುವುದಿಲ್ಲ. ಬೆಳಗ್ಗೆ ಕ್ರಿಕೆಟ್ ಆಡುತ್ತಾರೆ, ಮಧ್ಯಾಹ್ನ ಜಗಳ ತೆಗೆಯುತ್ತಾರೆ, ರಾತ್ರಿ ಎರಡು ಗಂಟೆಗೆ ಸತ್ತ ಗೆಳೆಯನ ಫೋಟೊ ಸ್ಟೇಟಸ್‌ಗೆ ಹಾಕುತ್ತಾರೆ. ಶಿಕ್ಷಕರು ‘ಮರೆತಿದ್ದಾನೆ’ ಎಂದುಕೊಳ್ಳುತ್ತಾರೆ. ಬದುಕಿ ಉಳಿದದ್ದೇ ತಪ್ಪೆಂಬ ಭಾವ, ನಾನು ಕಾರಿನಲ್ಲಿ ಕುಳಿತಿದ್ದರೆ, ನಾನು ಬೇಡವೆಂದಿದ್ದರೆ ಎಂಬ ಲೆಕ್ಕ ಒಳಗೆ ನಡೆದೇ ಇರುತ್ತದೆ. ಆ ಲೆಕ್ಕವನ್ನು ಯಾರ ಮುಂದಾದರೂ ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ಸಡಿಲವಾಗುತ್ತದೆ. ನಾವು ಅವನಿಗೆ ಹೇಳಿದ್ದೇನು? ಬಾಯಿ ಬಿಡಬೇಡ, ಬಿಟ್ಟರೂ ಹೀಗೆ ಹೇಳು. ದುಃಖದ ಜೊತೆಗೆ ಒಂದು ಸುಳ್ಳನ್ನೂ ಕಾಯಬೇಕಾದವನು ಗೆಳೆಯರ ಮುಂದೆಯೂ ಅಳಲಾರ, ಅಳುವಾಗ ನಿಜ ಜಾರಿಬಿಟ್ಟರೆ?

ಅಂದು ನಾನು ಕೊಟ್ಟ ಉತ್ತರವನ್ನೂ ಬರೆದುಬಿಡುತ್ತೇನೆ. ‘ನಿಮ್ಮ ಅಪ್ಪನನ್ನು ಕೇಳು, ತಮ್ಮಾ’ ಎಂದೆ. ಅವರಪ್ಪ ಆ ಹಿರಿಯರಲ್ಲಿ ಒಬ್ಬರು ಎಂಬುದು ನನಗೆ ಗೊತ್ತಿತ್ತು.

ಫೆಬ್ರುವರಿಯಲ್ಲಿ ದ್ವಿತೀಯ ಪಿಯುಸಿ ಪ್ರವೇಶಪತ್ರಗಳು ಬಂದವು. ಪರೀಕ್ಷೆಗೆ ನೋಂದಣಿ ಮೊದಲೇ ಆಗಿದ್ದರಿಂದ ಸತ್ತ ಮೂವರವೂ ಬಂದವು. ಗುಮಾಸ್ತರು ಅವನ್ನು ಏನು ಮಾಡಬೇಕೆಂದು ತಿಳಿಯದೆ ಡ್ರಾಯರಿನಲ್ಲಿ ಇಟ್ಟರು. ಪರೀಕ್ಷೆಯ ದಿನ ಕೊಠಡಿಯಲ್ಲಿ ಮೂರು ಡೆಸ್ಕುಗಳ ಮೇಲೆ ಚಾಕ್‌ಪೀಸಿನಲ್ಲಿ ಅವರ ನೋಂದಣಿ ಸಂಖ್ಯೆಗಳು, ಸುತ್ತ ತರಗತಿಯ ಉಳಿದ ಮಕ್ಕಳು. ಐದನೆಯವನ ಮುಂದಿನ ಡೆಸ್ಕೇ ಖಾಲಿ. ಮೂರು ಗಂಟೆಯ ಪತ್ರಿಕೆಗೆ ಅವನು ಒಂದು ಗಂಟೆ ಬರೆದು ಎದ್ದುಹೋದ. ಹೊಸ ಆಸನ ವ್ಯವಸ್ಥೆ ಮಾಡಿಸಲು ಒಂದು ಪತ್ರ ಬರೆದರೆ ಸಾಕಿತ್ತೇನೋ. ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ದೀರ್ಘಕಾಲದ ಶೋಕವನ್ನು ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ ಪ್ರತ್ಯೇಕ ಕಾಯಿಲೆ ಎಂದು ಗುರುತಿಸಿದೆ; ಅದು 2022ರಿಂದ ಜಾರಿಯಲ್ಲಿದೆ. ಆರು ತಿಂಗಳು ಕಳೆದ ಮೇಲೂ, ಆ ಸಮಾಜದ ರೂಢಿಗೆ ಮೀರಿ, ದಿನನಿತ್ಯದ ಬದುಕೇ ನಿಲ್ಲುವಷ್ಟು ಹಂಬಲ ಮುಂದುವರಿದರೆ ಚಿಕಿತ್ಸೆ ಬೇಕು ಎಂಬುದು ಅದರ ತಿರುಳು. ರೂಢಿಗೆ ಮೀರಿ ಎಂಬ ಮಾತು ಮುಖ್ಯ. ವರ್ಷದ ಹಬ್ಬ ಮಾಡದೆ ಕುಳಿತ ತಾಯಿ ನಮ್ಮಲ್ಲಿ ರೋಗಿಯಲ್ಲ. ಎಂದಿನ ಗೆಳೆಯರ ಗುಂಪಿನಿಂದ ಕಳಚಿಕೊಂಡು, ಕಾಲೇಜು ಬಿಟ್ಟು, ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ಬೈಕ್ ಓಡಿಸುತ್ತ ತಿರುಗುವ ಹುಡುಗನ ಬಗ್ಗೆ ಮಾತ್ರ ಯಾರಾದರೂ ಎಚ್ಚರ ವಹಿಸಬೇಕು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ತಪಾಸಣೆ ಇದೆ; ಅದಕ್ಕೂ ಮೇಲೆ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಆದರೆ ಮಂಗಳವಾರದ ಸಾಲಿನಲ್ಲಿ ಊರಿನವರ ಕಣ್ಣಿಗೆ ಬೀಳುವ ಧೈರ್ಯ ಹದಿನೇಳರ ಹುಡುಗನಿಗೆ ಎಲ್ಲಿಂದ ಬರಬೇಕು? ಜೊತೆಗೆ ಹೋಗುವ ಒಬ್ಬ ಮಾವನೋ ಮೇಷ್ಟ್ರೋ ಬೇಕಾಗುತ್ತದೆ.

ಇನ್ನು ಆ ನಾಲ್ಕನೆಯವನು, ಕತ್ತರಿಸಿ ತೆಗೆದವನು. 2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದ ಪೋರ್ಶೆ ಕಾರು ಇಬ್ಬರು ಯುವ ಎಂಜಿನಿಯರ್‌ಗಳನ್ನು ಕೊಂದಾಗ, 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತಿನ ಜಾಮೀನು ದೇಶವನ್ನೆಲ್ಲ ಕೆರಳಿಸಿತು. ಬೆಳಗಾವಿಯ ಎಷ್ಟೋ ಮನೆಗಳ ಮಕ್ಕಳು ದುಡಿಯುವ ಊರು ಪುಣೆ. ಸಿಟ್ಟು ನಮ್ಮ ಕಟ್ಟೆಗಳಿಗೂ ಬಂದಿತ್ತು. ಅಲ್ಲಿಯೂ ಕೇಳಿಬಂದ ಆರೋಪಗಳಲ್ಲಿ ಒಂದು, ಮನೆಯ ಚಾಲಕನೇ ಗಾಡಿ ಹೊಡೆಯುತ್ತಿದ್ದನೆಂದು ಹೇಳಿಸುವ ಪ್ರಯತ್ನ ನಡೆಯಿತು ಎಂಬುದು. ಸಿರಿವಂತರಿಗೆ ಚಾಲಕ ಇರುತ್ತಾನೆ, ನಮ್ಮವರಿಗೆ ಸತ್ತವನು ಸಿಗುತ್ತಾನೆ. ಇಷ್ಟೇ ವ್ಯತ್ಯಾಸ.

ಅಂದು ಪುಣೆಯ ಹುಡುಗನನ್ನು ಗಲ್ಲಿಗೇರಿಸಬೇಕೆಂದಿದ್ದ ಕಟ್ಟೆಯೇ ನಮ್ಮ ಹುಡುಗನನ್ನು ಮುಚ್ಚಿಟ್ಟಿತು. ಎರಡರಲ್ಲಿಯೂ ಅವನ ಹಿತ ಇಲ್ಲ. ಬಾಲ ನ್ಯಾಯ ಕಾಯ್ದೆ ಅವನ ಹೆಸರು, ಚಿತ್ರ ಬಯಲು ಮಾಡುವುದನ್ನು 74ನೇ ಕಲಮಿನಲ್ಲಿ ತಡೆದಿದೆ. ಮೀರಿದವರಿಗೆ ಆರು ತಿಂಗಳವರೆಗೆ ಸೆರೆ ಇಲ್ಲವೇ ಎರಡು ಲಕ್ಷದವರೆಗೆ ದಂಡ. ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅಪಘಾತದ ವಿಡಿಯೊ ಅರ್ಧ ಗಂಟೆಯೊಳಗೆ ಹೆಸರುಗಳ ಸಮೇತ ಬಂದಿತ್ತು, ಒಬ್ಬನ ಅಕ್ಕನಿಗೆ ಸುದ್ದಿ ಮುಟ್ಟಿದ್ದೇ ಹಾಗೆ. ಅದೇ ಕಾಯ್ದೆ ಅವನಿಗೆ ಒಂದು ದಾರಿಯನ್ನೂ ತೋರಿಸುತ್ತದೆ: ಬಾಲ ನ್ಯಾಯ ಮಂಡಳಿಯ ಮುಂದೆ ‘ಹೌದು, ನಾನೇ’ ಎಂದು ಹೇಳಿ, ಆಪ್ತ ಸಮಾಲೋಚನೆ, ಸಮುದಾಯ ಸೇವೆ, ನಿಗಾ ಇವುಗಳ ಮೂಲಕ ಮರಳಿ ಬರುವ ದಾರಿ. ಸುಳ್ಳು ಅವನನ್ನು ಜೈಲಿನಿಂದ ಕಾಪಾಡಿತು ಎಂದು ಊರು ನಂಬಿದೆ. ಅವನು ಹೋಗಬೇಕಾಗಿದ್ದ ಜಾಗ ಜೈಲೇ ಆಗಿರಲಿಲ್ಲ.

ಊರಿನ ಸಿಟ್ಟು ಹೋಗಿ ಬಿದ್ದದ್ದು ಟ್ರ್ಯಾಕ್ಟರ್ ಚಾಲಕನ ಮೇಲೆ. ಅವನಿಗೂ ನಾಲ್ಕು ಪೆಟ್ಟು ಬಿದ್ದವು. ಎರಡೆರಡು ಟ್ರೈಲರ್ ಜೋಡಿಸಿ, ಹಿಂದಿನ ದೀಪ ಮುಚ್ಚುವಂತೆ ಕಬ್ಬು ಹೇರಿ, ಕೆಟ್ಟು ನಿಂತಾಗ ಸುತ್ತ ನಾಲ್ಕು ಕಲ್ಲಿಟ್ಟು ಹೋಗುವುದು ಇಲ್ಲಿ ಪ್ರತಿ ಹಂಗಾಮಿನ ದೃಶ್ಯ. ಪೊಲೀಸರು ಪ್ರತಿ ವರ್ಷ ರಿಫ್ಲೆಕ್ಟರ್ ಅಂಟಿಸಿ ಫೋಟೊ ತೆಗೆಸಿಕೊಳ್ಳುವುದೂ ಅಷ್ಟೇ ರೂಢಿ. 2024ರ ಜನವರಿ ಕೊನೆಯಲ್ಲಿ ಜಮಖಂಡಿ ತಾಲ್ಲೂಕಿನ ಆಲಗೂರು ಬಳಿ ಶಾಲೆಯ ಕಾರ್ಯಕ್ರಮ ಮುಗಿಸಿ ರಾತ್ರಿ ಊರಿಗೆ ಮರಳುತ್ತಿದ್ದ ಮಕ್ಕಳ ಬಸ್ಸು ಟ್ರ್ಯಾಕ್ಟರಿಗೆ ಡಿಕ್ಕಿಯಾಗಿ ನಾಲ್ವರು ವಿದ್ಯಾರ್ಥಿಗಳು ಸತ್ತಿದ್ದರು. ದಿನಗೂಲಿಯ ಚಾಲಕನನ್ನು ಹೊಡೆಯುವುದು ಸುಲಭ. ಎಷ್ಟು ಟನ್, ಯಾವ ಹೊತ್ತಿಗೆ ಎಂದು ನಿಗದಿ ಮಾಡುವ ಕಾರ್ಖಾನೆಯ ಗೇಟಿನ ಮುಂದೆ ಮೂರು ದಿನ ಕೂರುವುದು ಕಷ್ಟ.

ಹನ್ನೊಂದು ದಿನ ಪ್ರಶ್ನೆ ಕೇಳಬೇಡಿ, ಒಪ್ಪಿದೆ. ಹನ್ನೆರಡನೆಯ ದಿನ ಕೇಳಿ. ಮಣ್ಣಿಗೆ ಬಂದ ಅದೇ ಐನೂರು ಜನರಲ್ಲಿ ಹತ್ತು ಮಂದಿ ಆ ಮೂರೂ ಮನೆಗಳಿಗೆ ತಿಂಗಳಿಗೊಮ್ಮೆ ಹೋಗಿ ಬರಲಿ, ಪಂಚನಾಮೆಯ ಪ್ರತಿಯನ್ನು ಒಬ್ಬರಾದರೂ ಓದಲಿ. ಹೊಲ ಹೋಗುತ್ತದೆ ಎಂಬ ಹೆದರಿಕೆ ನಿಜವಾದದ್ದು. ಊರೇ ಚಂದಾ ಎತ್ತಿ ಚಿಕ್ಕಪ್ಪನ ಜೊತೆ ನಿಲ್ಲಬಹುದಿತ್ತು, ಗುಡಿಯ ಕಳಸಕ್ಕೆ ಎತ್ತುವುದಿಲ್ಲವೇ? ಸತ್ತ ಹುಡುಗನ ಹೆಸರು ಅಡವಿಡುವುದಕ್ಕಿಂತ ಅಗ್ಗದ ದಾರಿ ಅದು.

ಜೂನ್ ತಿಂಗಳಲ್ಲಿ ನಾಲ್ಕನೆಯವನು ವರ್ಗಾವಣೆ ಪತ್ರಕ್ಕೆ ಬಂದ. ಕಾಲು ಇನ್ನೂ ಎಳೆಯುತ್ತಿತ್ತು, ಜೊತೆಗೆ ಅಪ್ಪ ಇದ್ದರು. ಮಳೆಗಾಲ ಹಿಡಿದಿತ್ತು, ಫ್ಲೆಕ್ಸನ್ನು ಯಾರೋ ಬಿಚ್ಚಿಕೊಂಡು ಹೋಗಿ ಮೇವಿನ ಬಣವೆಗೆ ಮುಗುಚಿ ಹೊದಿಸಿದ್ದರು. ಕಚೇರಿಯ ಕಟಕಟೆಯ ಮೇಲೆ ಅವನು ಕೈ ಊರಿ ನಿಂತಿದ್ದ, ಮಣಿಕಟ್ಟಿನಲ್ಲಿ ದಾರ ಇರಲಿಲ್ಲ. ‘ಕಾಲೇಜು ಬಿಡಲು ಕಾರಣ’ ಎಂಬ ಕಾಲಂ ಬಂದಾಗ ಗುಮಾಸ್ತರು ಪೆನ್ನು ಎತ್ತಿ ಅವನ ಮುಖ ನೋಡಿದರು. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಪ್ಪ, ‘ನಮ್ಮ ಕೋರಿಕೆ ಎಂದು ಬರೆಯಿರಿ ಸರ್’ ಎಂದರು. ಗುಮಾಸ್ತರು ‘ಪಾಲಕರ ಕೋರಿಕೆಯ ಮೇರೆಗೆ’ ಎಂದು ಬರೆದು ಸೀಲು ಒತ್ತಿದರು.